ಕಾಪಿ ಆಯ್ತಾ

ನನಗೆ ಹೇಸಿಗೆ ಜಾಸ್ತಿ. ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಲೋಟದ ಅಂಚಿನಲ್ಲಿ ಯಾರದ್ದೋ ತುಟಿಯ ಗುರುತು ಕಂಡರೆ ಅದನ್ನು ಮತ್ತೆ ಮತ್ತೆ ತಿಕ್ಕುತ್ತೇನೆ. ಬಸ್ಸಿನ ಕಂಬಿಯನ್ನು ಸೆರಗಿಲ್ಲದೆ ಮುಟ್ಟಿದವಳಲ್ಲ. ಇಂಥವಳನ್ನು ತಂದು ಕಪ್ಪೆಗಳ ಹಿಂದೆ ಅಲೆಯುವ ಗಂಡಸಿಗೆ ಕೊಟ್ಟರು. ಹುಡುಗ ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಮಾರನಹಳ್ಳಿಯ ಹತ್ತಿರ ಸಣ್ಣ ಕಾಫಿ ತೋಟವಿದೆ ಎಂದಷ್ಟೇ ಹೇಳಿದರು. ಕಪ್ಪೆಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ನನ್ನ ತವರು ಕುಂದೂರಿನ ಕಡೆ. ಅಲ್ಲಿಯೂ ಕಪ್ಪೆಗಳಿದ್ದವು. ಆದರೆ ಅವು ಗದ್ದೆಯಲ್ಲಿದ್ದವು, ನಾವು ಮನೆಯಲ್ಲಿದ್ದೆವು. ಇಲ್ಲಿ ಆ ಏರ್ಪಾಡೇ ಇರಲಿಲ್ಲ. ಬಚ್ಚಲಿನಲ್ಲಿ ಕಪ್ಪೆ, ಕೊಡೆಯ ಮಡಿಕೆಯಲ್ಲಿ ಕಪ್ಪೆ, ಒಮ್ಮೆಯಂತೂ ನನ್ನ ಚಪ್ಪಲಿಯೊಳಗೆ ಕಾಲಿಟ್ಟ ಮೇಲೆ ಕಪ್ಪೆ. ಆ ತಣ್ಣಗಿನ, ಮೆತ್ತಗಿನ, ಒಳಗಿಂದ ಒತ್ತುವ ಸ್ಪರ್ಶವನ್ನು ಈಗ ಬರೆಯುವಾಗಲೂ ಕಾಲಿನ ಬೆರಳು ಮುದುರಿಕೊಳ್ಳುತ್ತದೆ.

ನಮ್ಮ ಯಜಮಾನರು ಕಪ್ಪೆ ಹಿಡಿಯುತ್ತಿರಲಿಲ್ಲ, ಅಷ್ಟು ಪುಣ್ಯ. ಅವರು ಹಿಡಿಯುತ್ತಿದ್ದುದು ಅದರ ಕೂಗನ್ನು. ತೋಟದ ಕೆಲಸ ಮುಗಿದ ಮೇಲೆ ಗಂಬೂಟು ಏರಿಸಿ, ಸಣ್ಣ ರೆಕಾರ್ಡರನ್ನು ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ, ತೋಟದ ಕೆಳಗಿನ ಹಳ್ಳಕ್ಕೆ ಇಳಿದು ಕೂರುತ್ತಿದ್ದರು. ಎಡಕುಮೇರಿ ಕಡೆಗೂ ಹೋಗಿ ಬಂದದ್ದುಂಟು. ಅಂಥ ದಿನ ಸಾಕ್ಸನ್ನು ಅಂಗಳದಲ್ಲೇ ಬಿಚ್ಚಿಸಿ, ಒಳಗೆ ಉಬ್ಬಿ ಕೂತ ಜಿಗಣೆಗಳ ಮೇಲೆ ನಾನೇ ಉಪ್ಪು ಸುರಿಯುತ್ತಿದ್ದೆ. ಆಮೇಲೆ ಊಟ ಸೇರುತ್ತಿರಲಿಲ್ಲ. ಇವರು ಮಾತ್ರ ಕೈ ತೊಳೆದು, ಮುದ್ದೆ ಮುರಿಯುತ್ತಾ, ಇವತ್ತು ಎಂಥಾ ಕೂಗು ಸಿಕ್ಕಿತು ಗೊತ್ತಾ ಎಂದು ಶುರು ಮಾಡುತ್ತಿದ್ದರು.

ಆ ಕೂಗುಗಳೆಲ್ಲ ಕಾಫಿ ಮೂಟೆ ಇಡುವ ಸ್ಟೋರಿನ ಪಕ್ಕದ ಆಫೀಸು ಕೋಣೆಯ ಕಂಪ್ಯೂಟರಿಗೆ ಹೋಗುತ್ತಿದ್ದವು. ರೆಕಾರ್ಡರಿನಲ್ಲಿ ಜಾಗ ಬೇಕೆಂದು ಅಲ್ಲಿಂದ ಅಳಿಸಿಬಿಡುತ್ತಿದ್ದರು. ಯಾತಕ್ಕೆ ಇದೆಲ್ಲ ಎಂದು ಕೇಳಿದರೆ, ಕೇಳೋಕೆ ಎನ್ನುತ್ತಿದ್ದರು. ಊರಿನವರು ನಮ್ಮ ಮನೆಗೆ ಕಪ್ಪೆ ಸಾವ್ಕಾರ್ರ ಮನೆ ಎಂದು ಹೆಸರಿಟ್ಟರು. ಅದನ್ನು ನನ್ನ ತವರಿನವರೂ ಕಲಿತರು.

ಅವುಗಳಲ್ಲಿ ಒಂದು ಕಪ್ಪೆ ಇವರ ಪ್ರಾಣ. ಹೆಬ್ಬೆರಳಿನ ಉಗುರಿನಷ್ಟಿದ್ದ ಕಂದು ಬಣ್ಣದ ಹುಳದಂಥ ಪ್ರಾಣಿ. ಅದು ನಮ್ಮ ಹಳ್ಳದ ಒಂದು ತಿರುವಿನಲ್ಲಿ ಬಿಟ್ಟರೆ ಬೇರೆಲ್ಲೂ ಕೂಗಿದ್ದನ್ನು ಇವರು ಕೇಳಿರಲಿಲ್ಲ. ಸ್ಟೀಲ್ ಲೋಟದ ಅಂಚಿಗೆ ಯಾರೋ ಚಮಚದಲ್ಲಿ ಬಡಿದಂತೆ ಕೂಗುತ್ತಿತ್ತು. ಚಮಚದ ಕಪ್ಪೆ ಎಂದು ಇವರೇ ಹೆಸರಿಟ್ಟರು. ಮಳೆಗಾಲದ ಅಷ್ಟೂ ರಾತ್ರಿ ನಮ್ಮ ಮಲಗುವ ಕೋಣೆಯ ಕಿಟಕಿಗೆ ಅದೇ ಸದ್ದು. ನಾನು ಕಿವಿಗೆ ಹತ್ತಿ ತುರುಕಿಕೊಂಡು, ಅದರ ವಂಶಕ್ಕೆ ಶಾಪ ಹಾಕುತ್ತಾ ಮಲಗುತ್ತಿದ್ದೆ.

ಶಾಪ ತಟ್ಟಿತು ಎನ್ನಬೇಕು. ಹೆದ್ದಾರಿ ಅಗಲ ಮಾಡುವಾಗ ಗುಡ್ಡ ಕಡಿದ ಮಣ್ಣನ್ನು ಲಾರಿಗಳು ತಂದು ಹಳ್ಳದ ಆ ತಿರುವಿಗೇ ಸುರಿದವು. ಎರಡು ಮಳೆಗಾಲ ಕಳೆದವು, ಚಮಚದ ಕಪ್ಪೆ ಕೂಗಲಿಲ್ಲ. ಅಷ್ಟು ಹೊತ್ತಿಗೆ ಇವರ ಕಿವಿಯೂ ಮಂದವಾಗತೊಡಗಿತ್ತು. ಮೊದಲು ಹೋಗಿದ್ದು ಕೀರಲು ಸದ್ದುಗಳು: ಕುಕ್ಕರಿನ ಸೀಟಿ, ಫೋನಿನ ಗಂಟೆ. ನಾನು ಕೂಗಿದರೆ ಮಾತ್ರ ಕೇಳುತ್ತಿತ್ತು, ಆದರೆ ನಾನು ಯಾವತ್ತು ಮೆಲ್ಲಗೆ ಮಾತಾಡಿದ್ದೆ? ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಎಂದು ಎರಡು ವರ್ಷ ಗೋಗರೆದರೂ ಒಪ್ಪದವರು, ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ತಾವಾಗಿ ಒಪ್ಪಿದರು. ಕಾರಣ ನಾನಲ್ಲ. ಮಿಷನ್ ಹಾಕಿದ ದಿನ ಮೊದಲು ಕೇಳುವುದು ಚಮಚದ ಕಪ್ಪೆಯನ್ನೇ ಎಂದು ತೀರ್ಮಾನ ಮಾಡಿಕೊಂಡಿದ್ದರು. ಇನ್ನು ಆ ಕಪ್ಪೆ ಇದ್ದುದು ಈ ಭೂಮಿಯ ಮೇಲೆ ಒಂದೇ ಕಡೆ, ಆ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ.

ಕಂಪ್ಯೂಟರಿನ ಸ್ಥಿತಿಯೋ, ಸ್ವಿಚ್ ಒತ್ತಿ ಹೋಗಿ ಕೋಳಿಗೆ ಕಾಳು ಹಾಕಿ ಬಂದರೂ ಪರದೆಯ ಮೇಲೆ ಆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನೊಬ್ಬನನ್ನು ಕರೆಸಿದೆವು. ನಲವತ್ತರ ಆಸುಪಾಸಿನವನು, ಬಾಯಿ ತುಂಬ ಗುಟ್ಕಾ. ಮಾತಾಡಬೇಕಾದಾಗ ಗದ್ದ ಮೇಲೆತ್ತಿ, ಒಳಗಿನ ರಸ ಚೆಲ್ಲದಂತೆ ಕಾಪಾಡಿಕೊಂಡು ಮಾತಾಡುತ್ತಿದ್ದ. ಅವನು ಹೇಳಿದ್ದಿಷ್ಟು: ಕಂಪ್ಯೂಟರ್ ಚೆನ್ನಾಗಿದೆ, ಡಿಸ್ಕ್ ಮಾತ್ರ ಹಳೇದು, ಹೊಸಾ ಬಗೆಯ ಡಿಸ್ಕ್ ಹಾಕಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಶುರುವಾಗುತ್ತದೆ. ವಿಂಡೋಸನ್ನು ಹೊಸದಾಗಿ ಹಾಕುವುದು ಇವರಿಗೆ ಬೇಡ. ಸದ್ದು ಕೇಳುವ ಆ ಹಳೇ ಪ್ರೋಗ್ರಾಮು ಮತ್ತೆ ಸಿಗುವುದಿಲ್ಲವೆಂಬ ಭಯ. ಹಾಗಾದರೆ ಇರುವ ವಿಂಡೋಸನ್ನು ಇದ್ದ ಹಾಗೇ ಎತ್ತಿ ಹೊಸ ಡಿಸ್ಕಿನ ಮೇಲೆ ಕೂರಿಸೋಣ ಎಂದ. ಹಳೇ ಡಿಸ್ಕನ್ನು ಎಸೆಯಬೇಡಿ, ಕಣಕ್ಕೆ ಹಾಕಿಸಬೇಕು ಎಂದು ನಾವು ಹೇಳಿದ್ದ ಸಿಸಿ ಕ್ಯಾಮೆರಾದ ಚಿತ್ರ ತುಂಬಿಡಲು ಅದು ಸಾಕು ಎಂದೂ ಸೇರಿಸಿದ. ಕಾಫಿಗೆ ಬೆಲೆ ಬಂದಾಗಿನಿಂದ ಕಣದಲ್ಲಿ ಒಣಗಲು ಹಾಕಿದ್ದಕ್ಕೂ ಕಾವಲು ಬೇಕಾಗಿತ್ತು.

ಮೊದಲ ದಿನ ಸಿಪಿಯು ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದ. ನಾನು ಅಲ್ಲೇ ನಿಂತಿದ್ದೆ, ನಿಲ್ಲಬಾರದಿತ್ತು. ಒಳಗೆ ಕಾಫಿ ಹೊಟ್ಟಿನ ಧೂಳು ಎಣ್ಣೆ ಜಿಡ್ಡಿನ ಜೊತೆ ಸೇರಿ ಕಂಬಳಿಯಷ್ಟು ದಪ್ಪ ಕೂತಿತ್ತು. ಹಲ್ಲಿ ಹಿಕ್ಕೆ, ಒಡೆದ ಹಲ್ಲಿ ಮೊಟ್ಟೆಗಳು, ಜಿರಲೆಯ ರೆಕ್ಕೆ, ಇರುವೆಗಳು ಗುಡ್ಡೆ ಹಾಕಿದ ಏನೋ ಬಿಳೀ ಪುಡಿ. ಫ್ಯಾನಿಗೆ ಒಂದು ಹಲ್ಲಿ ಅಂಟಿಕೊಂಡಿತ್ತು, ಎಷ್ಟು ಕಾಲದಿಂದಲೋ, ಹಪ್ಪಳದ ಹಾಗೆ ಒಣಗಿ. ಅವನು ಅದನ್ನು ಬೆರಳಿನಿಂದ ಕಿತ್ತು ಕಿಟಕಿಯಾಚೆ ಎಸೆದು, ಅದೇ ಬೆರಳಿನಿಂದ ಬಾಯಿಯ ಗುಟ್ಕಾವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ. ನಾನು ಮೂಗಿಗೆ ಸೆರಗು ಹಿಡಿದೆ. ಸಾಲದ್ದಕ್ಕೆ ಬ್ಲೋವರ್ ತೆಗೆದು ಒಮ್ಮೆ ಊದಿದ. ಆ ಹಲ್ಲಿ ಹಿಕ್ಕೆ, ಆ ರೆಕ್ಕೆ, ಆ ಪುಡಿಯೆಲ್ಲ ಎದ್ದು, ಪಕ್ಕದ ಮೇಜಿನ ಮೇಲೆ ನಾನು ಬಿಸಿಲಿಗೆ ಇಡಲೆಂದು ತಂದಿದ್ದ ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೆ ಇಳಿಯಿತು. ವರ್ಷದ ಉಪ್ಪಿನಕಾಯಿ. ಅವತ್ತೇ ಹಿತ್ತಿಲಿನ ಗುಂಡಿಗೆ ಹಾಕಿದೆ. ಅತ್ತೆ, ಬಟ್ಟೆ ಮೇಲೆ ಬಿದ್ರೆ ಒಳಗೇನಾಯ್ತದೆ ಎಂದು ಎರಡು ದಿನ ಗೊಣಗಿದರು.

ಕೆಲಸ ಮಾತ್ರ ಆಯಿತು, ಅದನ್ನು ಇಲ್ಲ ಎನ್ನಬಾರದು. ಸಂಜೆಗೆ ಹೊಸ ಡಿಸ್ಕಿನಿಂದ ಕಂಪ್ಯೂಟರ್ ಶುರುವಾಯಿತು. ಒತ್ತಿದ ತಕ್ಷಣ ಪರದೆ ಬೆಳಗಿ, ಅದೇ ಹಳೆಯ ಚಿತ್ರ, ಕೆಸುವಿನ ಎಲೆಯ ಮೇಲಿನ ಕಪ್ಪೆ, ಕಣ್ಣು ಪಿಳುಕಿಸದೆ ನನ್ನನ್ನೇ ನೋಡಿತು. ಐಕಾನುಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಯಜಮಾನರು ಮಗು ಹುಟ್ಟಿದಷ್ಟು ಖುಷಿಪಟ್ಟರು. ಆದರೆ ಅವತ್ತು ಬಂದದ್ದು ವಿಂಡೋಸ್ ಮಾತ್ರ. ಕೂಗುಗಳ ಫೋಲ್ಡರು ಹಳೇ ಡಿಸ್ಕಿನ ಇನ್ನೊಂದು ಭಾಗದಲ್ಲಿತ್ತು. ಅದು ದೊಡ್ಡದು, ಕಾಪಿ ಮಾಡಲು ಅರ್ಧ ದಿನವಾದರೂ ಬೇಕು, ನಾಳೆ ಬಂದು ಮಾಡಿ, ಹಾಗೇ ಕ್ಯಾಮೆರಾನೂ ಕೂರಿಸುತ್ತೇನೆ ಎಂದ. ನಾಳೆ ನಾವು ಹಾಸನಕ್ಕೆ ಹೋಗಬೇಕಿತ್ತು, ಕಿವಿ ಡಾಕ್ಟರ ಹತ್ತಿರ. ಮನೆಯಲ್ಲಿ ಅತ್ತೆ ಇರುತ್ತಾರೆ ಎಂದೆವು. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು ಸ್ಪಷ್ಟವಾಗಿ ಹೇಳಿದರು:

"ನೋಡು ಮಾರಾಯ, ಮೊದ್ಲು ಆ ಫೋಲ್ಡರ್ ಕಾಪಿ ಆಗ್ಲಿ. ಆದ್ಮೇಲೆ ಹಳೇ ಡಿಸ್ಕ್ ಬಿಚ್ಚು. ಅದ್ರಲ್ಲಿ ನನ್ನ ಜೀವ ಐತೆ."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಕಾಫಿ ಎಂದು ಬರೆಯುತ್ತೇವೆ, ಕಾಪಿ ಎಂದು ಹೇಳುತ್ತೇವೆ. ಗಿಡವೂ ಕಾಪಿ, ಕುಡಿಯುವುದೂ ಕಾಪಿ. ಮತ್ತೆ ಈ ಗುಡ್ಡಗಳಲ್ಲಿ ಯಾರು ಯಾರನ್ನು ಕಂಡರೂ ಮೊದಲು ಕೇಳುವುದು ಕಾಪಿ ಆಯ್ತಾ ಎಂದು. ಅದು ಪ್ರಶ್ನೆಯಲ್ಲ. ನಮಸ್ಕಾರ. ಅದಕ್ಕಿರುವ ಉತ್ತರವೂ ಒಂದೇ, ಆಯ್ತು. ಬೆಳಗಿನಿಂದ ನೀರು ಕೂಡ ಕುಡಿದಿರದಿದ್ದರೂ ಆಯ್ತು. ಇಲ್ಲ ಎಂದರೆ ಕೇಳಿದವರು ಸಂಕೋಚಕ್ಕೆ ಬೀಳುತ್ತಾರೆ, ಇಲ್ಲವೇ ನಾವೇ ಒಲೆ ಹಚ್ಚಿ ಅವರಿಗೂ ಕೊಡಬೇಕಾಗುತ್ತದೆ. ನಾನೂ ಆ ಸುಳ್ಳನ್ನು ಹೇಳಿಕೊಂಡೇ ಬಂದವಳು.

ಹಾಸನದಲ್ಲಿ ಡಾಕ್ಟರು ಮಿಷನ್ ಕೊಡುವ ಮುನ್ನ ಕಿವಿ ಸ್ವಚ್ಛ ಮಾಡಿದರು. ಒಳಗಿಂದ ತೆಗೆದ ಕಂದು ಗುಗ್ಗೆಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು, ನೋಡಿಮ್ಮಾ ಎಷ್ಟಿತ್ತು ಎಂದು ನನ್ನ ಮೂಗಿನ ಕೆಳಗೇ ಹಿಡಿದರು. ಗಂಡನದೇ ಆದರೂ ಗುಗ್ಗೆ ಗುಗ್ಗೆಯೇ. ನಾನು ಎದ್ದು ಹೊರಗೆ ಹೋದೆ. ಮರಳಿ ಬಂದಾಗ ಇವರು ಎರಡೂ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು, ತಮ್ಮ ಷರಟಿನ ತೋಳನ್ನು ಉಜ್ಜಿ ಉಜ್ಜಿ ಅದರ ಸದ್ದು ಕೇಳುತ್ತಾ ಕೂತಿದ್ದರು. ವಾಪಸು ಬರುವಾಗ ಬಾಳ್ಳುಪೇಟೆಯ ತಿರುವಿನಲ್ಲಿ ಕಾರಿನ ಇಂಡಿಕೇಟರ್ ಟಕ್ ಟಕ್ ಎಂದಿತು. ಆ ಸದ್ದು ಇವರಿಗೆ ಕೇಳದೆ ಎಷ್ಟೋ ಕಾಲವಾಗಿತ್ತು.

"ಹಿಂಗೇ ಅಲ್ವೇನೇ ಆ ಕಪ್ಪೆ ಶುರು ಮಾಡ್ತಿದ್ದಿದ್ದು?" ಎಂದರು.

ಹಿಂಗಲ್ಲ ಎನ್ನಬೇಕೆಂದುಕೊಂಡೆ. ಹೇಗೂ ಮನೆಗೆ ಹೋಗಿ ಕೇಳುತ್ತಾರಲ್ಲ.

ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಆಫೀಸು ಕೋಣೆಗೆ ನುಗ್ಗಿದರು. ಕಣದ ಗೋಡೆಯ ಮೇಲೆ ಕ್ಯಾಮೆರಾ ಕಣ್ಣು ಬಿಟ್ಟುಕೊಂಡಿತ್ತು. ಕೋಣೆಯ ಮೂಲೆಯಲ್ಲಿ ಅದರ ಪೆಟ್ಟಿಗೆ, ಒಳಗೆ ನಮ್ಮ ಹಳೇ ಡಿಸ್ಕು, ಗುಂಯ್ ಎನ್ನುತ್ತಿತ್ತು. ಕಂಪ್ಯೂಟರ್ ಒತ್ತಿದ ತಕ್ಷಣ ಎದ್ದಿತು. ಇವರು ಫೋಲ್ಡರ್ ತೆರೆದರು. ಇದ್ದದ್ದು ಎರಡು ಫೈಲು. ಎರಡನೆಯದು ಅರ್ಧಕ್ಕೆ ನಿಂತು ಹೋಗಿದ್ದರಿಂದ ತೆರೆಯಲೇ ಇಲ್ಲ. ಇವರು ಮತ್ತೆ ಮುಚ್ಚಿದರು, ಮತ್ತೆ ತೆರೆದರು. ಮೌಸ್ ಹಿಡಿದ ಕೈಗೆ ಏನೋ ಅಂಟಿತೆಂದು ನೋಡಿಕೊಂಡರು. ಗುಟ್ಕಾದ ಕಲೆ.

ಅವನಿಗೆ ಫೋನು ಮಾಡಿದೆ. ನಡೆದದ್ದು ತುಂಡು ತುಂಡಾಗಿ ಹೊರಗೆ ಬಂತು. ಬೆಳಿಗ್ಗೆ ಬಂದವನು ಕಾಪಿಗೆ ಹಾಕಿ, ಏಣಿ ತೆಗೆದುಕೊಂಡು ಕಣಕ್ಕೆ ಹೋದ. ಅತ್ತೆ ಆಫೀಸಿನ ಬಾಗಿಲಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದರು. ಅಜ್ಜಿಗೆ ಪರದೆ ಕಾಣುತ್ತದೆ ಎಂದುಕೊಂಡು ಏಣಿಯ ಮೇಲಿಂದಲೇ ಕೇಳಿದ. ಅಜ್ಜಿ ಆಯ್ತು ಅಂದರು. ಇಳಿದು ಬಂದು ನೋಡಿದರೆ ಪರದೆ ತಾನಾಗಿ ಆರಿತ್ತು. ಅದನ್ನು ಎಬ್ಬಿಸಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, ಗುಂಡಿ ಒತ್ತಿ ಹಿಡಿದು ಆರಿಸಿ, ಡಿಸ್ಕ್ ಬಿಚ್ಚಿ ಕ್ಯಾಮೆರಾ ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆ ಅದನ್ನು ಮೊದಲು ಅಳಿಸಿ, ಆಮೇಲೆ ತನ್ನದನ್ನು ಬರೆಯತೊಡಗಿತು. ಅರ್ಧ ದಿನದ ಕೆಲಸ ಅಷ್ಟು ಬೇಗ ಹೇಗೆ ಮುಗಿಯಿತೆಂದು ತಲೆಗೆ ಹೊಳೆಯಲಿಲ್ಲವೇ ಎಂದು ಕೇಳಿದೆ.

"ಹೊಸ ಡಿಸ್ಕಲ್ವಾ ಅಕ್ಕ, ಬಿರ್ನೆ ಆಗ್ಬುಟ್ಟೈತೆ ಅಂದ್ಕಂಡೆ," ಎಂದ. ಆ ಕಡೆ ಅವನು ಉಗಿದ ಸದ್ದು ಕೇಳಿಸಿತು.

ಅತ್ತೆ ಅಡುಗೆಮನೆಯಲ್ಲಿದ್ದರು. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಮಗನಿಗಿಂತ ಚುರುಕು. ನೀವು ಏನೆಂದಿರಿ ಎಂದು ಕೇಳಿದೆ.

"ಕಾಪಿ ಆಯ್ತಾ ಅಜ್ಜಿ ಅಂದ. ಆಯ್ತು ಕಣಪ್ಪ ಅಂದೆ. ಇನ್ನೇನನ್ಬೇಕಿತ್ತು?"

"ಕುಡ್ದಿದ್ರಾ ಅತ್ತೆ?"

"ಎಲ್ಲಿ ಕುಡ್ದೆ. ಹಾಲು ಒಡ್ದೋಗ್ಬುಟ್ಟಿತ್ತು. ಆಗಿಲ್ಲ ಅಂದ್ರೆ, ಮನೆಗ್ ಬಂದೋನ್ಗೆ ಒಂದ್ ಲೋಟ ಕಾಪಿ ಕೊಡಕ್ಕಾಗ್ದಿರೋ ಮನೆ ಅಂತ ಊರೆಲ್ಲಾ ಹೇಳ್ಕಂಡ್ ಬರ್ಲಿ ಅಂತ್ಲಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಎರಡೂ ಒಟ್ಟಿಗೆ ಹೋದವು. ಅತ್ತೆಯನ್ನು ಏನೆಂದು ಬೈಯಲಿ? ನಾನು ಅಲ್ಲಿ ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಹೊತ್ತಿಗೆ ನಮ್ಮ ಈ ಮರ್ಯಾದೆ, ಈ ಹುಸಿನಗೆ, ಹಸಿದ ಹೊಟ್ಟೆಯಲ್ಲಿ ಆಯ್ತು ಎನ್ನುವ ಈ ನಾಜೂಕು, ಎಲ್ಲದರ ಮೇಲೂ ವಾಕರಿಕೆ ಬಂತು.

ಮಾರನೆಯ ದಿನ ಅವನು ಬಂದು, ಅಳಿಸಿದ್ದನ್ನು ಎತ್ತುವ ಯಾವುದೋ ಪ್ರೋಗ್ರಾಮು ಹಾಕಿ ಕೂತ. ಒಂದು ದಿನ ಒಂದು ರಾತ್ರಿ ಕ್ಯಾಮೆರಾ ಅದೇ ಡಿಸ್ಕಿನ ಮೇಲೆ ಬರೆದಿತ್ತು. ಆ ರಾತ್ರಿಯೇ ಪೆಟ್ಟಿಗೆಯ ತಂತಿ ಕಿತ್ತು ಹಾಕುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಪ್ಪೆಗಳಿದ್ದ ಕಡೆಯಲ್ಲೆಲ್ಲ ಈಗ ಇದ್ದುದು ನಮ್ಮ ಕಣ. ಕಾಗೆ ಕೂತದ್ದು, ಕಾಗೆ ಹೋದದ್ದು. ನಾನು ಸೀರೆ ಎತ್ತಿ ಕಟ್ಟಿಕೊಂಡು ಕೋಳಿ ಹಿಕ್ಕೆ ಬಳಿಯುತ್ತಿರುವುದು. ಅದೂ ಎಂಥ ಸ್ಪಷ್ಟ. ಏನೂ ಸಿಗಲಿಲ್ಲ ಎಂದು ಹೇಳಲು ಅವನಿಗೆ ಮಧ್ಯಾಹ್ನವಾಯಿತು. ಹೋಗುವಾಗ ನನ್ನ ಕ್ರೋಟನ್ ಗಿಡದ ಬುಡಕ್ಕೆ ಉಗಿದು, ಮಳೆ ಬಂದಾಗ ಕಪ್ಪೆ ಮತ್ತೆ ಕೂಗ್ತವೆ ಬುಡಿ ಸಾರ್ ಎಂದ. ಯಜಮಾನರು ಹೂಂ ಎಂದರು.  ಆ ಹೂಂ ಕೇಳಿ ನನಗೆ ಅವನ ಮೇಲೆ ಬಂದಷ್ಟೇ ಸಿಟ್ಟು ಇವರ ಮೇಲೂ ಬಂತು. ಒಂದು ಕೊಡ ನೀರು ತಂದು ಗಿಡದ ಬುಡಕ್ಕೆ ಸುರಿದೆ. ಕೆಂಪು ಹೋಗಲಿಲ್ಲ, ಕೊನೆಗೆ ಮಣ್ಣನ್ನೇ ಕೆತ್ತಿ ಹಾಕಿದೆ.

ಉಳಿದಿದ್ದ ಒಂದು ಫೈಲನ್ನು ಇವರು ಅವತ್ತು ಸಂಜೆ ತೆರೆದರು. ಅದು ಎಲ್ಲಕ್ಕಿಂತ ಮೊದಲಿನದು, ರೆಕಾರ್ಡರ್ ಕೊಂಡ ದಿನದ್ದು. ನೀರು ಹರಿಯುವ ಸದ್ದು, ಇವರು ಗಂಟಲು ಸರಿಪಡಿಸಿಕೊಂಡದ್ದು, ಆಮೇಲೆ ದೂರದಿಂದ ಒಂದು ಹೆಂಗಸಿನ ದನಿ: "ಥೂ, ಹೇಸಿಗೆ. ಆ ಕೈಯಲ್ಲಿ ನನ್ನ ಮುಟ್ಟೀರ ಮತ್ತೆ." ನಾನೇ. ನನ್ನ ಥೂ ಕೇಳಿ ಕಪ್ಪೆ ಬಾಯಿ ಮುಚ್ಚಿತ್ತು, ಉಳಿದದ್ದೆಲ್ಲ ಬರೀ ನೀರು. ಇಷ್ಟು ವರ್ಷದ ಕೂಗುಗಳೆಲ್ಲ ಹೋಗಿ ನನ್ನ ಉಗುಳು ಉಳಿದಿತ್ತು.

ಅಲ್ಲಿಂದ ಇವರು ಕಿವಿಯ ಮಿಷನ್ ಬಿಚ್ಚಿ ಡಬ್ಬಿಯಲ್ಲಿಟ್ಟರು. ಹಾಕಿಕೊಳ್ಳಿ ಎಂದರೆ, ಏನ್ ಕೇಳೋಕೆ ಎಂದರು. ನಾನು ಕೂಗಿ ಮಾತಾಡುವುದು, ಅವರು ತಲೆಯಾಡಿಸುವುದು, ಮನೆ ಮತ್ತೆ ಮೊದಲಿನ ಹಾಗಾಯಿತು. ಮೊದಲಿನ ಹಾಗೆ ಎಂದೆ, ಅದೂ ಅಲ್ಲ. ಮೊದಲು ಊಟದ ಹೊತ್ತಿಗೆ ಕಪ್ಪೆಯ ಸುದ್ದಿಯಾದರೂ ಇರುತ್ತಿತ್ತು. ಈಗ ಮುದ್ದೆ ಮುರಿದು, ನುಂಗಿ, ಎದ್ದು ಹೋಗುತ್ತಿದ್ದರು. ಆ ಸುದ್ದಿ ಇಲ್ಲದೆಯೂ ನನಗೆ ಊಟ ಸೇರದು ಎಂದು ಆಗ ತಿಳಿಯಿತು. ತಿಳಿದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಕಾಫಿ ಹೂವರಳಿಸುವ ಹೂಮಳೆ ಬಂದ ಮಾರನೆಯ ಸಂಜೆ. ತೋಟವೆಲ್ಲ ಮೊಗ್ಗು ಉಬ್ಬಿ ನಿಂತಿತ್ತು. ಹಳ್ಳದ ಕಡೆಯಿಂದ ಯಾವುದೋ ದಪ್ಪ ದನಿಯ ಕಪ್ಪೆಗಳು ವಟಗುಟ್ಟುತ್ತಿದ್ದವು, ಎಲ್ಲ ಊರಿನಲ್ಲೂ ಸಿಗುವಂಥವು. ಇವರು ಜಗಲಿಯ ಮೇಲೆ ಕೂತಿದ್ದರು. ಡಬ್ಬಿ ತರಿಸಿಕೊಂಡು ಮಿಷನ್ ಹಾಕಿಕೊಂಡರು, ಸ್ವಲ್ಪ ಹೊತ್ತು ಆ ಕಡೆಗೇ ತಲೆ ವಾಲಿಸಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅದು ಹೆಂಗ್ ಕೂಗ್ತಿತ್ತು ಅಂತ್ಲೇ ಮರ್ತೋಗ್ತಾ ಐತೆ ಕಣೇ. ರಾತ್ರಿಯೆಲ್ಲಾ ನೆನಪ್ ಮಾಡ್ಕಂತೀನಿ, ಆ ಕಾರಿನ ಟಕ್ ಟಕ್ಕೇ ಬರ್ತದೆ."

ಅದು ಹೇಗೆ ಕೂಗುತ್ತಿತ್ತೆಂದು ನನಗೆ ಗೊತ್ತಿತ್ತು. ಇವರು ಪ್ರೀತಿಯಿಂದ ಕೇಳಿದವರು, ರೆಕಾರ್ಡರಿದೆ ಎಂಬ ಧೈರ್ಯದಲ್ಲಿ ಮರೆತರು. ನಾನು ಹಲ್ಲು ಕಚ್ಚಿಕೊಂಡು, ಹತ್ತಿ ತುರುಕಿಕೊಂಡು, ಇನ್ನೊಂದು ಬಂತು, ಇನ್ನೂ ಒಂದು ಬರುತ್ತದೆ ಎಂದು ಕಾಯುತ್ತಾ ಮಲಗಿದವಳು. ಅದು ಎಲ್ಲಿ ನಿಧಾನ, ಎಲ್ಲಿ ಅವಸರ, ನಿಂತೇಬಿಟ್ಟಿತು ಎಂದು ನಾನು ಹತ್ತಿ ತೆಗೆಯುವ ಹೊತ್ತಿಗೆ ಸರಿಯಾಗಿ ಮತ್ತೊಂದು ಹೇಗೆ ಬಡಿಯುತ್ತಿತ್ತು, ಎಲ್ಲ ನನ್ನ ತಲೆಯೊಳಗೆ ಹಾಗೇ ಕೂತಿತ್ತು.

ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಇವರ ಕಿವಿಯ ಹತ್ತಿರ ಹೋಗಿ, ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಬಿಡಿಸಿದೆ. ಟಿಂಕ್. ಟಿಂಕ್. ಆಮೇಲೆ ಗಡಿಬಿಡಿಯಲ್ಲಿ ಟಿಂಕ್ ಟಿಂಕ್ ಟಿಂಕ್. ಬಾಯಲ್ಲಿ ಎಂಜಲು ತುಂಬಿತು, ಒಂದೆರಡು ಹನಿ ಇವರ ಕೆನ್ನೆಗೂ ಹಾರಿತು. ಉಸಿರು ಬಿಗಿಹಿಡಿದು ಕಾದೆ. ಇವರೂ ಕಾದರು. ಟಿಂಕ್.

ಒಳಗಿಂದ ಅತ್ತೆ, ಕೋಳಿಗೇನಾಯ್ತು ನೋಡೇ ಎಂದರು.

ಇವರು ಕೆನ್ನೆ ಒರೆಸಿಕೊಳ್ಳಲಿಲ್ಲ. ಎದ್ದು ಒಳಗೆ ಹೋದರು. ಹಾಲಿನ ಪ್ಯಾಕೆಟ್ಟಿನ ಕವರಿನಿಂದ ರೆಕಾರ್ಡರ್ ಬಿಚ್ಚುತ್ತಾ ಬಂದು, ನನ್ನ ಬಾಯಿಯ ಮುಂದೆ ಹಿಡಿದರು.

"ಇನ್ನೊಂದ್ಸಲ," ಎಂದರು.

ಹೊಸ ಡಿಸ್ಕಿನ ಆ ಫೋಲ್ಡರಿನಲ್ಲಿ ಈಗ ತೆರೆಯುವ ಫೈಲು ಎರಡು ಇವೆ. ಒಂದರಲ್ಲಿ ಕಪ್ಪೆಗೆ ಥೂ ಎನ್ನುವವಳು ನಾನು. ಇನ್ನೊಂದರಲ್ಲಿ ಕಪ್ಪೆಯೂ ನಾನೇ.